ವಿದೇಶದ ಕಾನ್ಫರೆನ್ಸಿಗೆ ಹೋಗುವವರೇ, ಹೋಟೆಲ್ ಬುಕ್ ಮಾಡಿಕೊಡ್ತೇವೆ ಅಂತ ಫೋನ್ ಬಂದರೆ ಕಾರ್ಡ್ ನಂಬರ್ ಕೊಡಬೇಡಿ

1,18,700 ರೂಪಾಯಿ. ಅಷ್ಟು ಹೋಯಿತು ನನ್ನದು. ಓಟಿಪಿ ಬರಲಿಲ್ಲ. ದುಡ್ಡು ಹೋಯಿತು ಅಂತ ಮೆಸೇಜ್ ಮಾತ್ರ ಬಂತು.

ಮೂರು ತಿಂಗಳು ಇದನ್ನು ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ನಾಚಿಕೆ. ಮೊನ್ನೆ ದೇರಳಕಟ್ಟೆಯಲ್ಲಿರುವ ಗೆಳತಿಯೊಬ್ಬಳು ಒಂದು ಮೇಲ್ ತೋರಿಸಿ "ಇದು ಸರಿ ಉಂಟಾ?" ಅಂತ ಕೇಳಿದಳು. ನೋಡಿದ ಕೂಡಲೇ ಕೈ ತಣ್ಣಗಾಯಿತು. ಊರು ಬೇರೆ, ಕಾನ್ಫರೆನ್ಸ್ ಬೇರೆ, ಆದರೆ ವಾಕ್ಯಗಳು ಅವೇ. ಇನ್ನು ಸುಮ್ಮನೆ ಕೂರಲು ಆಗುವುದಿಲ್ಲ.

ನಾನು ಮಂಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಮನೆ ಉಡುಪಿ. 2025ರ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಒಂದು ಕಾನ್ಫರೆನ್ಸ್, ನನ್ನ ಪ್ರಬಂಧ ಆಯ್ಕೆಯಾಗಿತ್ತು. ಯುರೋಪಿಗೆ ಮೊದಲ ಸಲ. ವೀಸಾ ಕೆಲಸ ಹೇಗಿರುತ್ತದೆ ಅಂತ ಹೋದವರಿಗೆ ಗೊತ್ತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಶೆಂಗೆನ್ ವೀಸಾಗೆ 90 ಯೂರೋ ಶುಲ್ಕ, 30,000 ಯೂರೋ ಮೊತ್ತದ ಇನ್ಶೂರೆನ್ಸ್, ಸಂಘಟಕರ ಆಹ್ವಾನ ಪತ್ರ, ಟಿಕೆಟ್, ಉಳಿಯುವ ಜಾಗದ ಬುಕಿಂಗ್. ಬೆರಳಚ್ಚು ಕೊಡಲು ಬೆಂಗಳೂರಿಗೆ ಓಡಬೇಕು. ಎಲ್ಲಾ ಸಿಕ್ಕಿತ್ತು, ಹೋಟೆಲ್ ಒಂದು ಬಾಕಿ. ಆ ಬಾಕಿಯ ಮೇಲೆಯೇ ಇವರು ಕೈ ಇಟ್ಟದ್ದು.

ಜುಲೈ ತಿಂಗಳು, ಜೋರು ಮಳೆ. ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ. ಪಡುಬಿದ್ರಿ ದಾಟುವಾಗ ಹೊರದೇಶದ ನಂಬರಿನಿಂದ ಫೋನ್. ಹೆಂಗಸಿನ ದನಿ, ತುಂಬಾ ಮರ್ಯಾದೆ. "ಪ್ರೊಫೆಸರ್" ಅಂತಲೇ ಕರೆದಳು. ಕಾನ್ಫರೆನ್ಸಿನ ಹೆಸರು, ನನ್ನ ಪ್ರಬಂಧದ ಹೆಸರು, ನಾನು ಮಾತಾಡುವ ದಿನ, ಎಲ್ಲಾ ಹೇಳಿದಳು. "ನಾವು ವಸತಿ ವ್ಯವಸ್ಥೆ ನೋಡುವವರು. ನಿಮ್ಮ ಹೆಸರಿಗೆ ರೂಮ್ ಹಿಡಿದಿಟ್ಟಿದ್ದೇವೆ, ಇವತ್ತು ಸಂಜೆಗೆ ಬಿಡಬೇಕಾಗುತ್ತದೆ. ವೀಸಾಗೆ ಬೇಕಾದ ಪತ್ರವನ್ನೂ ನಾವೇ ಕೊಡುತ್ತೇವೆ."

ಇಷ್ಟೆಲ್ಲಾ ಗೊತ್ತಿದೆ ಅಂದ ಮೇಲೆ ಸಂಘಟಕರ ಕಡೆಯವರೇ ಅಂದುಕೊಂಡೆ. ಕಾರ್ಯಕ್ರಮದ ಪಟ್ಟಿ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇತ್ತು ಅನ್ನುವುದು ಆಗ ಹೊಳೆಯಲೇ ಇಲ್ಲ. ಯಾರು ಬೇಕಾದರೂ ಓದಬಹುದು. ಅವಳೂ ಅದನ್ನೇ ಓದಿದ್ದು.

ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಬೆಂಚಿನ ಮೇಲೆ ಕೂತು ಅವಳು ಕಳಿಸಿದ ಲಿಂಕ್ ತೆರೆದೆ. ಮೇಲೆ ಕಾನ್ಫರೆನ್ಸಿನ ಲೋಗೋ. ನಾಲ್ಕು ರಾತ್ರಿಗೆ 1,040 ಯೂರೋ, ಏರ್‌ಪೋರ್ಟಿನಿಂದ ಕಾರಿಗೆ 100. "ಕಾರ್ಡ್ ಗ್ಯಾರಂಟಿಗೆ ಮಾತ್ರ, ಹಣ ಹೋಟೆಲಿನಲ್ಲೇ ಕೊಟ್ಟರೆ ಸಾಕು" ಅಂತ ಫೋನಿನಲ್ಲಿ ಹೇಳಿದ್ದಳು. ಹೋಟೆಲಿನವರು ಗ್ಯಾರಂಟಿಗೆ ಕಾರ್ಡ್ ಕೇಳುವುದು ಇದ್ದದ್ದೇ ಅಲ್ವಾ? ಕೊಡೆ ಕಂಕುಳಲ್ಲಿ, ಕಾರ್ಡ್ ಬ್ಯಾಗಿನ ಮೇಲೆ. ಒದ್ದೆ ಬೆರಳಿಗೆ ಸ್ಕ್ರೀನ್ ಸರಿಯಾಗಿ ಕೇಳುತ್ತಿರಲಿಲ್ಲ. ನಂಬರ್ ಎರಡು ಸಲ ಟೈಪ್ ಮಾಡಿದೆ. ಹಿಂದಿನ ಮೂರು ಅಂಕಿಯನ್ನೂ ಹಾಕಿದೆ. ಕೆಳಗೆ ಬೆರಳಿನಲ್ಲೇ ಸಹಿ ಗೀಚಿದೆ. ದುಡ್ಡು ತೆಗೆಯುವುದಾದರೆ ಓಟಿಪಿ ಬರುತ್ತದಲ್ಲ, ಆಗ ನೋಡಿಕೊಂಡರಾಯಿತು ಅನ್ನುವ ಧೈರ್ಯ.

ಓಟಿಪಿ ಬರಲೇ ಇಲ್ಲ. ಸಿಟಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಫೋನ್ ಟಿಣ್ ಅಂತು. 1,140 ಯೂರೋ ಖರ್ಚಾಗಿದೆ. ಹಿಂದಿನವರು "ಹತ್ತಿ ಮಾರಾಯ್ರೇ" ಅನ್ನುತ್ತಿದ್ದರು, ನಾನು ಅಲ್ಲೇ ನಿಂತಿದ್ದೆ.

ಇದನ್ನು ದಯವಿಟ್ಟು ಎರಡು ಸಲ ಓದಿ. ಹೊರದೇಶದ ವ್ಯಾಪಾರಿಗಳು ನಮ್ಮ ಕಾರ್ಡಿನಿಂದ ಓಟಿಪಿ ಇಲ್ಲದೆ ದುಡ್ಡು ತೆಗೆಯಬಹುದು. ನಂಬರ್, ತಾರೀಕು, ಹಿಂದಿನ ಮೂರು ಅಂಕಿ ಇದ್ದರೆ ಎಷ್ಟೋ ಕಡೆ ಅಷ್ಟೇ ಸಾಕು. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಅಂತ ಒಂದು ಸ್ವಿಚ್ ಇರುತ್ತದೆ. ರಿಜಿಸ್ಟ್ರೇಷನ್ ಶುಲ್ಕ ಕಟ್ಟಲು ಅದನ್ನು ಆನ್ ಮಾಡಿದವಳು ಆಫ್ ಮಾಡಿರಲಿಲ್ಲ. ಆಫ್ ಇದ್ದಿದ್ದರೆ ಅವತ್ತು ಒಂದು ಪೈಸೆ ಹೋಗುತ್ತಿರಲಿಲ್ಲ.

ಫೋನ್ ಮಾಡಿದರೆ "ಅದು ಹೋಲ್ಡ್ ಅಷ್ಟೇ, ವಾಪಸ್ ಬರುತ್ತದೆ" ಅಂದಳು. ನಂಬಿದೆ. ಹೌದು, ನಂಬಿದೆ. ಒಂಬತ್ತು ದಿನ ಕಳೆಯಿತು. ಬೆಳಿಗ್ಗೆ ಬೇಗ ರೂಮ್ ಸಿಗುತ್ತದಾ ಅಂತ ಕೇಳಲು ಹೋಟೆಲಿಗೇ ನೇರವಾಗಿ ಬರೆದೆ. ಎರಡು ಸಾಲಿನ ಉತ್ತರ ಬಂತು. ನಿಮ್ಮ ಹೆಸರಿನಲ್ಲಿ ಬುಕಿಂಗ್ ಇಲ್ಲ, ಆ ಕಂಪನಿಗೂ ನಮಗೂ ಸಂಬಂಧ ಇಲ್ಲ.

ಆಮೇಲೆ ಇವರು ಕೊಟ್ಟ ಉತ್ತರಗಳನ್ನು ಇಲ್ಲಿ ಹಾಕಲೇಬೇಕು. ನಿಮಗೂ ಇದೇ ಬರುತ್ತದೆ.

ಮೊದಲನೆಯದು: "ಗ್ರೂಪ್ ಬುಕಿಂಗ್ ಆದ ಕಾರಣ ಅತಿಥಿಗಳ ಹೆಸರನ್ನು 72 ಗಂಟೆ ಮೊದಲು ಮಾತ್ರ ಹೋಟೆಲಿಗೆ ಕೊಡುತ್ತೇವೆ. ಗಾಬರಿ ಬೇಡ."

ಹಾಗಾದರೆ ಕ್ಯಾನ್ಸಲ್ ಮಾಡಿ ಅಂದೆ. "ಖಂಡಿತ ಮಾಡಬಹುದು. ಕ್ಯಾನ್ಸಲ್ ಶುಲ್ಕ ಶೇ. 100."

ನೂರಕ್ಕೆ ನೂರು! ಇದು ಮೋಸ ಅಂತ ಬರೆದೆ. "ನೀವೇ ಸಹಿ ಮಾಡಿದ್ದೀರಿ, ಎರಡನೇ ಪುಟ ನೋಡಿ." ನೋಡಿದೆ. ಬೂದು ಬಣ್ಣದ ಇರುವೆಯಂಥ ಅಕ್ಷರದಲ್ಲಿ ಇತ್ತು: ನಾವು ಸ್ವತಂತ್ರ ಟ್ರಾವೆಲ್ ಏಜೆನ್ಸಿ, ಸಂಘಟಕರಿಗೂ ನಮಗೂ ಸಂಬಂಧವಿಲ್ಲ. ಮೇಲೆ ಅವರ ಲೋಗೋ ಹಾಕಿ, ಕೆಳಗೆ ಸಂಬಂಧವಿಲ್ಲ ಅಂತ ಬರೆಯುವುದು! ಅದನ್ನು ಓದುವಾಗ ಬಂದ ಸಿಟ್ಟು ದುಡ್ಡು ಹೋದಾಗಲೂ ಬಂದಿರಲಿಲ್ಲ.

ಕೊನೆಯದು: "ಬ್ಯಾಂಕಿಗೆ ಕೊಟ್ಟ ದೂರು ವಾಪಸ್ ತಗೊಳ್ಳಿ, ಮುಂದಿನ ವರ್ಷದ ಕಾನ್ಫರೆನ್ಸಿಗೆ ಅರ್ಧ ಮೊತ್ತ ಹೊಂದಿಸಿಕೊಡುತ್ತೇವೆ." ಆಮೇಲೆ ಉತ್ತರ ಇಲ್ಲ.

ಸಂಘಟಕರಿಗೆ ಬರೆದೆ. ಪಾಪ, ತಕ್ಷಣ ಉತ್ತರಿಸಿದರು. ನಾವು ಯಾರಿಗೂ ಫೋನ್ ಮಾಡಿ ರೂಮ್ ಮಾರುವುದಿಲ್ಲ, ವಸತಿ ಪುಟದಲ್ಲೇ ಎಚ್ಚರಿಕೆ ಹಾಕಿದ್ದೇವೆ ಅಂದರು. ಹೌದು, ಇತ್ತು. ನಾನು ಆ ಪುಟ ತೆರೆದೇ ಇರಲಿಲ್ಲ. ಅವರ ಲಿಂಕಿನಿಂದ ಬುಕ್ ಮಾಡಿದ ರೂಮು ರಾತ್ರಿಗೆ 132 ಯೂರೋ, ಬೇಡವಾದರೆ ದುಡ್ಡು ವಾಪಸ್. ಕಾನ್ಫರೆನ್ಸ್ ನಡೆದ ಆಸ್ಟ್ರಿಯಾ ಸೆಂಟರ್ ಮೆಟ್ರೋದ ಯು1 ಲೈನಿನ ಪಕ್ಕದಲ್ಲೇ ಇದೆ, ಆ ಲೈನಿನಲ್ಲಿ ಎಲ್ಲಿ ಉಳಿದರೂ ಆಗುತ್ತದೆ. 100 ಯೂರೋ ಕಾರೂ ಬೇಡ. ಏರ್‌ಪೋರ್ಟಿನಿಂದ ಎಸ್7 ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಊರಿನ ನಡುವಿನ ವೀನ್ ಮಿಟ್ಟೆ ನಿಲ್ದಾಣ ಸಿಗುತ್ತದೆ.

ದುಡ್ಡಿಗಿಂತ ಜಾಸ್ತಿ ಹೆದರಿದ್ದು ವೀಸಾ ವಿಷಯಕ್ಕೆ. ಅವಳು ಕಳಿಸಿದ್ದ ಸುಳ್ಳು ಬುಕಿಂಗ್ ವೋಚರನ್ನು ಪ್ರಿಂಟ್ ಮಾಡಿ ಫೈಲಿಗೆ ಸೇರಿಸಿಯಾಗಿತ್ತು. ರಾಯಭಾರ ಕಚೇರಿಯವರು ಹೋಟೆಲಿಗೆ ಕೇಳಿ, ಇಲ್ಲ ಅಂದಿದ್ದರೆ, ಸುಳ್ಳು ದಾಖಲೆ ಕೊಟ್ಟವಳು ನಾನಾಗುತ್ತಿದ್ದೆ. ವೀಸಾ ನಿರಾಕರಿಸಿದ ವಿವರ ಶೆಂಗೆನ್ ದೇಶಗಳ ಕಂಪ್ಯೂಟರಿನಲ್ಲಿ ಐದು ವರ್ಷ ಉಳಿಯುತ್ತದೆ. ಬೆಂಗಳೂರಿನ ಅಪಾಯಿಂಟ್‌ಮೆಂಟಿಗೆ ಮೂರೇ ದಿನ ಇತ್ತು. ಶಿರಾಡಿ ಘಾಟಿಯ ರಾತ್ರಿ ಬಸ್ಸಿನಲ್ಲಿ ಫೈಲ್ ತೊಡೆಯ ಮೇಲಿಟ್ಟು ನಿದ್ದೆಯಿಲ್ಲದೆ ಕೂತಿದ್ದೆ, ಹೊಸ ಕಾಗದ ಇದೆಯಾ ಅಂತ ಪದೇ ಪದೇ ತೆರೆದು ನೋಡುತ್ತಾ.

ದುಡ್ಡು ಇನ್ನೂ ಬಂದಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆ, ಬ್ಯಾಂಕಿಗೆ ಹೋಟೆಲಿನ ಪತ್ರ ಕೊಟ್ಟೆ. ಬ್ಯಾಂಕಿನವರದ್ದು ಒಂದೇ ಮಾತು, "ಮೇಡಂ, ವಿವರ ನೀವೇ ಕೊಟ್ಟಿದ್ದೀರಿ." ನಮಗೆ ತಿಳಿಯದೆ ದುಡ್ಡು ಹೋದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ರಕ್ಷಣೆ ಇದೆ, ರಿಸರ್ವ್ ಬ್ಯಾಂಕಿನ ನಿಯಮ. ನಾವೇ ವಿವರ ಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ನಮ್ಮದೇ. ನಾನು ಒಂಬತ್ತು ದಿನ ಕಾದೆ. ನೀವು ಒಂದು ಗಂಟೆಯೂ ಕಾಯಬೇಡಿ.

ಹೋಟೆಲ್ ಬುಕ್ ಮಾಡುವುದಾದರೆ ಸಂಘಟಕರ ಪುಟದಿಂದ ಮಾಡಿ, ಆಮೇಲೆ ಹೋಟೆಲಿಗೇ ಬರೆದು ನಿಮ್ಮ ಹೆಸರು ಇದೆಯಾ ಕೇಳಿ. ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯ ಸ್ವಿಚ್ ಆಫ್ ಮಾಡಿ. "ಸಂಜೆಯೊಳಗೆ" ಅಂದವರ ಫೋನ್ ಇಟ್ಟುಬಿಡಿ.

ಈಗಾಗಲೇ ಕಾರ್ಡ್ ಕೊಟ್ಟವರು ಇದ್ದರೆ ಇದನ್ನು ಓದಿದ ಕೂಡಲೇ ಬ್ಲಾಕ್ ಮಾಡಿಸಿ, ನನಗೆ ತಿಳಿಸಿ. ಹೋಟೆಲಿಗೆ ಏನು ಬರೆದೆ, ಬ್ಯಾಂಕಿಗೆ ಏನೇನು ಕಾಗದ ಕೊಟ್ಟೆ, ಎಲ್ಲದರ ಪ್ರತಿ ಇದೆ, ಕಳಿಸಿಕೊಡುತ್ತೇನೆ.