ಬತ್ತಿ ಕೋವಿಯ ಮೂಲ ತಿಳಿಸುವ ಸೇವೆ: ನಾಡು ಖಚಿತ, ಕಾಲ ಸಂದಿಗ್ಧ

ಛಾಯಾಚಿತ್ರಗಳನ್ನು ಪರಿಶೀಲಿಸಿ ಪುರಾತನ ಬತ್ತಿ ಕೋವಿಗಳ (ಉರಿಯುವ ಬತ್ತಿಯಿಂದ ಮದ್ದು ಹೊತ್ತಿಸುವ ಬಂದೂಕುಗಳ) ಮೂಲವನ್ನೂ ಕಾಲವನ್ನೂ ಲಿಖಿತ ವರದಿಯಲ್ಲಿ ತಿಳಿಸುವ ಸೇವೆಯೊಂದನ್ನು ಇತ್ತೀಚೆಗೆ ಬಳಸಿದೆನು. ಚಿತ್ರಗಳನ್ನು ಕೇಳುವ ಮೊದಲೇ, ಮದ್ದು ಗಿಡಿಯುವ ಗಜವನ್ನು ನಳಿಕೆಯೊಳಗೆ ಇಳಿಸಿ, ಅದು ಇಳಿದ ಆಳವನ್ನು ನಳಿಕೆಯ ಹೊರ ಉದ್ದದೊಂದಿಗೆ ಹೋಲಿಸಿ ನೋಡುವಂತೆ ಅವರು ಸೂಚಿಸಿದರು. ಶತಮಾನಗಳ ಹಿಂದೆ ತುಂಬಿದ ಮದ್ದು ಒಳಗೇ ಉಳಿದಿರುವ ಕೋವಿಗಳು ಇಂದಿಗೂ ಸಿಗುವುದರಿಂದ ಈ ಎಚ್ಚರಿಕೆ ಮೆಚ್ಚತಕ್ಕದ್ದು.

ಮೂಲದ ನಿರ್ಣಯವಂತೂ ಬಹಳ ಸೊಗಸಾಗಿದೆ. ಬತ್ತಿ ಹಿಡಿಯುವ ಕುದುರೆಯು ಹಿಡಿಮರದಲ್ಲಿ ಕೊರೆದ ಸೀಳಿನಿಂದ ಮೇಲೇಳುವುದು, ಇಕ್ಕೆಲಗಳಲ್ಲಿ ಕಬ್ಬಿಣದ ತಗಡುಗಳಿರುವುದು, ನಳಿಕೆಯನ್ನು ಮರಕ್ಕೆ ಪಟ್ಟಿಗಳಿಂದ ಬಿಗಿದಿರುವುದು, ಇವುಗಳನ್ನು ಆಧಾರವಾಗಿಟ್ಟುಕೊಂಡು ಇದು ಭಾರತದ ತೋಡೆದಾರ್ ಎಂಬ ಬಗೆಯ ಬತ್ತಿ ಕೋವಿ ಎಂದು ವರದಿ ನಿರ್ಧರಿಸಿದೆ. ಜಪಾನಿನ ಕೋವಿಯಾಗಿದ್ದರೆ ನಳಿಕೆಯನ್ನು ಅಡ್ಡ ಮೊಳೆಗಳಿಂದ ಕೂಡಿಸಿ, ಹೊರಗಿನಿಂದ ಮದ್ದು ಸಿಡಿಸುವ ಹಿತ್ತಾಳೆಯ ಯಂತ್ರವನ್ನು ಜೋಡಿಸಿರುತ್ತಿದ್ದರು. ಸಿಂಹಳದ್ದಾಗಿದ್ದರೆ ಯಂತ್ರವು ಎಡಬದಿಯಲ್ಲಿರುತ್ತಿತ್ತು. ಸಿಂಧ್ ಪ್ರಾಂತದ್ದಾಗಿದ್ದರೆ ಹಿಡಿಯ ತುದಿ ಬಾಗಿ ಅಗಲವಾಗುತ್ತಿತ್ತು. ಹೀಗೆ ಒಂದೊಂದು ಸಾಧ್ಯತೆಯನ್ನೂ ಕಾರಣಸಹಿತ ತಳ್ಳಿಹಾಕುತ್ತಾ ಹೋಗಿರುವುದರಿಂದ ಓದುಗನು ತೀರ್ಪನ್ನು ತಾನೇ ಪರೀಕ್ಷಿಸಬಹುದು.

ಕಾಲನಿರ್ಣಯದಲ್ಲಿ ಮಾತ್ರ ಈ ಶಿಸ್ತು ಸಡಿಲಗೊಂಡಿದೆ. ನಳಿಕೆಯ ಮೇಲೆ ನಾಗರಿ ಲಿಪಿಯಲ್ಲಿ ಕೆತ್ತಿದ ವಿಕ್ರಮ ಶಕೆಯ ವರ್ಷದಿಂದ 57 ಕಳೆದು, ಬಂದ ಇಸವಿಯನ್ನೇ ಕೋವಿ ತಯಾರಾದ ವರ್ಷವೆಂದು ಬರೆದಿದ್ದಾರೆ. ಲೆಕ್ಕ ಸರಿ, ತೀರ್ಮಾನ ಸರಿಯಲ್ಲ. ಇಂತಹ ಬರಹಗಳಲ್ಲಿ ಅನೇಕವು ಆಯುಧಶಾಲೆಯ ದಾಖಲೆಯ ಗುರುತುಗಳು. 1689ರಲ್ಲಿ ಆಂಧ್ರದ ಆದವಾನಿಯ ಕೋಟೆಯಿಂದ ರಾಜಸ್ಥಾನದ ಬಿಕಾನೇರಕ್ಕೆ ಸೇರಿದ ಆಯುಧಗಳ ಮೇಲಿನ ಕೆತ್ತನೆಗಳು ಅವು ವಶವಾದುದನ್ನು ಹೇಳುತ್ತವೆಯೇ ಹೊರತು ಹುಟ್ಟಿದ ಕಾಲವನ್ನಲ್ಲ. ಮೇಲಾಗಿ, ಹಳೆಯ ನಳಿಕೆಗೆ ಹೊಸ ಹಿಡಿಮರ ತೊಡಿಸುವುದು ರೂಢಿಯಲ್ಲಿತ್ತು. ಬತ್ತಿ ಕೋವಿಯು ಭಾರತದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೂ ಬಳಕೆಯಲ್ಲಿತ್ತಾದ್ದರಿಂದ, ಯಂತ್ರದ ಬಗೆಯೊಂದನ್ನೇ ನೋಡಿ ಪ್ರಾಚೀನತೆಯನ್ನು ಅಳೆಯುವಂತಿಲ್ಲ. ನಳಿಕೆ, ಮರ, ಯಂತ್ರ, ಬರಹ ಈ ನಾಲ್ಕಕ್ಕೂ ಬೇರೆಬೇರೆ ಕಾಲವನ್ನು ಸೂಚಿಸುವುದು ವರದಿಯ ಕರ್ತವ್ಯವಾಗಿತ್ತು. ಮರದಡಿ ಅಡಗಿರುವ ನಳಿಕೆಯ ತಳಭಾಗದ ಚಿತ್ರವನ್ನು ಅವರು ಕೇಳಲೇ ಇಲ್ಲ.

ತುಕ್ಕನ್ನು ಉಜ್ಜಿ ಹೊಳಪು ಬರಿಸಬಾರದೆಂಬ ಸಲಹೆ ಸರಿಯಾಗಿದೆ.

ಕೋವಿ ಯಾವ ನಾಡಿನದೆಂದು ತಿಳಿಯಬೇಕಾದವರಿಗೆ ಈ ಸೇವೆಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಮಾರಾಟಕ್ಕೋ ವಿಮೆಗೋ ಇಸವಿ ಬೇಕಾದವರು ಕೋವಿಯನ್ನು ಕೈಯಲ್ಲಿ ಹಿಡಿದು ಬಿಚ್ಚಿ ನೋಡಬಲ್ಲ ತಜ್ಞರ ಬಳಿಗೆ ಹೋಗುವುದು ಲೇಸು. ನನ್ನ ಆಕ್ಷೇಪಣೆಗೆ ಉತ್ತರವಾಗಿ ಅವರು ಒಂದೇ ಇಸವಿಯ ಬದಲು ಒಂದು ಶತಮಾನದ ಅವಧಿಯನ್ನು ನಮೂದಿಸಿ ವರದಿಯನ್ನು ತಿದ್ದಿ ಕಳುಹಿಸಿದರು. ಆ ತಿದ್ದುಪಡಿಗೆ ಕಾರಣವನ್ನು ಮಾತ್ರ ಬರೆಯಲಿಲ್ಲ.