ಗೇಮ್‌ಪೋರ್ಟ್ ಜಾಯ್‌ಸ್ಟಿಕ್, ವಿಂಡೋಸ್ 11: ಮೂರು ವರ್ಷ ಬಳಸಿದ ಮೇಲೆ

ನಿಮ್ಮ ಹಳೆಯ ಜಾಯ್‌ಸ್ಟಿಕ್‌ನ ವೈರ್ ತುದಿಯಲ್ಲಿ ಯುಎಸ್‌ಬಿ ಪ್ಲಗ್ ಇದ್ದರೆ ಇದನ್ನು ಓದುವ ಅಗತ್ಯವೇ ಬರಲಿಕ್ಕಿಲ್ಲ. ಚುಚ್ಚಿ ನೋಡಿ. ಬಹುಪಾಲು ಯುಎಸ್‌ಬಿ ಸ್ಟಿಕ್‌ಗಳು ಯಾವ ಡ್ರೈವರೂ ಕೇಳದೆ ಓಡುತ್ತವೆ.

ನನ್ನದು ಆ ಕಾಲದ್ದಲ್ಲ. ಮೈಕ್ರೋಸಾಫ್ಟ್ ಸೈಡ್‌ವೈಂಡರ್ ಪ್ರಿಸಿಷನ್ ಪ್ರೋ, 15 ಪಿನ್‌ನ ಗೇಮ್‌ಪೋರ್ಟ್ (ಹಳೇ ಕಂಪ್ಯೂಟರ್‌ಗಳಲ್ಲಿ ಜಾಯ್‌ಸ್ಟಿಕ್ ಚುಚ್ಚುವ ಸಾಕೆಟ್) ಮಾದರಿ. 1990ರ ದಶಕದ ಕೊನೆಯಲ್ಲಿ ಭಾವ ಅಮೆರಿಕದಿಂದ ತಂದುಕೊಟ್ಟಿದ್ದು. ವಿಂಡೋಸ್ ಎಕ್ಸ್‌ಪಿ ಇರುವವರೆಗೂ ಸೌಂಡ್ ಕಾರ್ಡ್‌ನ ಹಿಂದೆ ಚುಚ್ಚಿಕೊಂಡು ಆರಾಮಾಗಿತ್ತು. ಆಮೇಲೆ ಕಂಪ್ಯೂಟರ್ ಬದಲಾಯಿತು, ಇದು ಅಟ್ಟ ಸೇರಿತು. 2022ರಲ್ಲಿ ಮನೆಗೆ ಬಣ್ಣ ಹೊಡೆಸುವಾಗ ಮತ್ತೆ ಕೆಳಗಿಳಿಯಿತು. ಗುಜರಿಗೆ ಹಾಕೋಣ ಅಂತ ಕೈಗೆತ್ತಿಕೊಂಡೆ. ಹಿಡಿ ಸಿಕ್ಕಿದ ತಕ್ಷಣ ಮಣಿಕಟ್ಟು ತಾನಾಗಿಯೇ ಎಡಕ್ಕೆ ತಿರುಗಿತು. ಹಿಡಿಯನ್ನೇ ತಿರುಚಿದರೆ ವಿಮಾನದ ರಡ್ಡರ್ (ಬಾಲದ ಚುಕ್ಕಾಣಿ) ತಿರುಗುವುದು ಇದರ ವಿಶೇಷ. ಕೈ ಅದನ್ನು ಮರೆತಿರಲಿಲ್ಲ. ಹಾಗಾಗಿ ಗುಜರಿಯವರಿಗೆ ಕೊಡಲಿಲ್ಲ.

ತೊಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೇಮ್‌ಪೋರ್ಟ್ 1981ರ ಐಬಿಎಂ ಪಿಸಿಯ ಜೊತೆ ಬಂದ ವ್ಯವಸ್ಥೆ. ನಾಲ್ಕು ಅಕ್ಷ, ನಾಲ್ಕು ಬಟನ್, ಅಷ್ಟೇ ಅದರ ಪ್ರಪಂಚ. ಸ್ಟಿಕ್ ಒಳಗಿನ ಪೊಟೆನ್ಶಿಯೋಮೀಟರ್ (ಹಿಡಿ ವಾಲಿದಂತೆ ರೆಸಿಸ್ಟೆನ್ಸ್ ಬದಲಾಗುವ ಭಾಗ) ಮೂಲಕ ಒಂದು ಪುಟ್ಟ ಕೆಪಾಸಿಟರ್ ತುಂಬಿಕೊಳ್ಳುತ್ತದೆ. ತುಂಬಲು ಎಷ್ಟು ಹೊತ್ತು ಹಿಡಿಯಿತು ಅಂತ ಕಂಪ್ಯೂಟರ್ ಎಣಿಸುತ್ತದೆ. ಆ ಎಣಿಕೆಯಿಂದಲೇ ಹಿಡಿ ಎತ್ತ ವಾಲಿದೆ ಅಂತ ಗೊತ್ತಾಗುವುದು. ವಿಂಡೋಸ್ ವಿಸ್ಟಾದಿಂದ ಈ ಪೋರ್ಟ್‌ಗೆ ಬೆಂಬಲ ನಿಂತುಹೋಯಿತು. ಈಗಿನ ಮದರ್‌ಬೋರ್ಡ್‌ಗಳಲ್ಲಿ ಪೋರ್ಟೇ ಇಲ್ಲ.

ಮೊದಲು ಆನ್‌ಲೈನ್‌ನಲ್ಲಿ ಒಂದು ಅಗ್ಗದ ಗೇಮ್‌ಪೋರ್ಟ್–ಯುಎಸ್‌ಬಿ ಕನ್ವರ್ಟರ್ ತರಿಸಿದೆ. ಕಂಪನಿ ಹೆಸರು ಬೇಡ ಬಿಡಿ. ಚುಚ್ಚಿದೆ, ವಿಂಡೋಸ್ 'ಟಿಂಗ್' ಅಂದಿತು. ಖುಷಿಯಾಯಿತು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಜಾಯ್ ಡಾಟ್ ಸಿಪಿಎಲ್ ಅಂತ ಟೈಪ್ ಮಾಡಿದರೆ ಹಳೇ ಪರೀಕ್ಷೆಯ ಕಿಟಕಿ ಇವತ್ತಿಗೂ ತೆರೆದುಕೊಳ್ಳುತ್ತದೆ. ಅದರಲ್ಲಿ ಕೂಡಿಸುವ ಗುರುತು ಮೇಲಿನ ಮೂಲೆಗೆ ಅಂಟಿಕೊಂಡು ಕೂತಿತ್ತು. ಹಿಡಿ ಎಷ್ಟು ಅಲ್ಲಾಡಿಸಿದರೂ ಜಪ್ಪಯ್ಯ ಅನ್ನಲಿಲ್ಲ.

ಕಾರಣ ತಿಳಿಯಲು ಎರಡು ರಾತ್ರಿ ಹೋಯಿತು. ಆ ಕನ್ವರ್ಟರ್‌ಗೆ ಬರುವುದು ರೆಸಿಸ್ಟೆನ್ಸ್ ಅಳೆಯುವುದು ಮಾತ್ರ. ಸೈಡ್‌ವೈಂಡರ್ ಡಿಜಿಟಲ್ ಸ್ಟಿಕ್. ಪೋರ್ಟ್ ಕೊಡುವ ನಾಲ್ಕು ಬಟನ್ ಇದಕ್ಕೆ ಸಾಲದು. ಅದಕ್ಕೇ ಬಟನ್‌ಗಳಿಗೆ ಮೀಸಲಾದ ತಂತಿಗಳಲ್ಲೇ ಇಡೀ ಮಾಹಿತಿಯನ್ನು ಕಂತೆ ಕಟ್ಟಿ ಕಳಿಸುತ್ತದೆ. ಒಂದು ತಂತಿ ತಾಳ ಹಾಕುತ್ತದೆ, ಆ ತಾಳಕ್ಕೆ ಸರಿಯಾಗಿ ಉಳಿದ ತಂತಿ ಬಿಟ್‌ಗಳನ್ನು ಹೇಳುತ್ತದೆ. ಕನ್ವರ್ಟರ್‌ಗೆ ಆ ತಾಳ ಗೊತ್ತಿಲ್ಲ. ಇಂಥ ಕನ್ವರ್ಟರ್‌ಗಳು ಪೂರ್ತಿ ಅನಲಾಗ್ ಆದ ಸ್ಟಿಕ್‌ಗೆ ಸರಿ, ಡಿಜಿಟಲ್‌ಗೆ ದುಡ್ಡು ದಂಡ.

ಉಪಾಯ ಸಿಕ್ಕಿದ್ದು ಪ್ರೋ ಮೈಕ್ರೋ ಅನ್ನುವ, ನಾವೇ ಕೋಡ್ ತುಂಬಬಹುದಾದ ಹೆಬ್ಬೆರಳಿನಷ್ಟು ಬೋರ್ಡ್‌ನಲ್ಲಿ. ಅದರ ಎಟಿಮೆಗಾ32ಯು4 ಚಿಪ್‌ಗೆ ತಾನೇ ಯುಎಸ್‌ಬಿ ಸಾಧನದಂತೆ ನಡೆದುಕೊಳ್ಳುವುದು ಗೊತ್ತು. ಆರ್ಡುಯಿನೋ ಲಿಯೊನಾರ್ಡೋದಲ್ಲಿ ಇರುವುದೂ ಇದೇ ಚಿಪ್. ಸ್ಟಿಕ್‌ನ ಆ ತಾಳ ಓದಿ ಯುಎಸ್‌ಬಿಗೆ ಬದಲಾಯಿಸುವ ಕೋಡ್ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ಎಚ್ಚರ: ಈ ಬೋರ್ಡ್ 5 ವೋಲ್ಟ್ ಮತ್ತು 3.3 ವೋಲ್ಟ್ ಎರಡರಲ್ಲೂ ಬರುತ್ತದೆ. ಗೇಮ್‌ಪೋರ್ಟ್ 5 ವೋಲ್ಟ್‌ನದು, ಅದನ್ನೇ ಕೇಳಿ ತನ್ನಿ.

ಸಾಕೆಟ್‌ಗೆ ಬೆಂಗಳೂರಿನ ಎಸ್‌.ಪಿ. ರೋಡ್ ಸುತ್ತಿದೆ. "15 ಪಿನ್ ಸಾಕೆಟ್ ಕೊಡಿ" ಅಂದರೆ ಮೂರು ಅಂಗಡಿಯಲ್ಲೂ ಮಾನಿಟರ್‌ನ ವಿಜಿಎ ಸಾಕೆಟ್ ತೆಗೆದು ಇಟ್ಟರು. "15 ಪಿನ್ ಅಂದ್ರೆ ಇದೇ ಸಾರ್, ಬೇರೆ ಬರಲ್ಲ." ವಿಜಿಎದಲ್ಲಿ 15 ಪಿನ್ ಮೂರು ಸಾಲಾಗಿ ಇರುತ್ತವೆ. ಗೇಮ್‌ಪೋರ್ಟ್‌ನಲ್ಲಿ ಎರಡೇ ಸಾಲು: 8 ಮತ್ತು 7. ಕೊನೆಗೆ ಒಬ್ಬ ವಯಸ್ಸಾದವರು ನನ್ನ ಸ್ಟಿಕ್‌ನ ಪ್ಲಗ್ ನೋಡಿ ನಕ್ಕರು. ಮೇಲಿನ ಡಬ್ಬಿಯಿಂದ ಧೂಳು ಊದಿ ಒಂದು ತೆಗೆದರು. ನಲವತ್ತು ರೂಪಾಯಿ. ಅವರ ಹತ್ತಿರವೇ ಎರಡು ತಗೊಂಡೆ.

ಬೆಸುಗೆ ಹಾಕಬೇಕಾದದ್ದು ಆರೇಳು ತಂತಿ ಅಷ್ಟೇ. ಪಿನ್ 1ಕ್ಕೆ 5 ವೋಲ್ಟ್, 4ಕ್ಕೆ ಗ್ರೌಂಡ್. ಬಟನ್ ತಂತಿಗಳು 2, 7, 10, 14. ಸ್ಟಿಕ್ ಅನ್ನು "ಹೇಳು" ಅಂತ ಎಬ್ಬಿಸುವುದಕ್ಕೆ ಅಕ್ಷದ ಪಿನ್ 3. ನನ್ನ ಕೈ ಅಷ್ಟೇನೂ ಪಳಗಿದ್ದಲ್ಲ, ಆದರೂ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ವಿಂಡೋಸ್‌ಗೆ ಈಗ ಇದು ಬರೀ ಒಂದು ಯುಎಸ್‌ಬಿ ಜಾಯ್‌ಸ್ಟಿಕ್. ಹಿಡಿಯ ಎರಡು ಅಕ್ಷ, ತಿರುಚು, ಥ್ರಾಟಲ್, ತಲೆಯ ಮೇಲಿನ ಹ್ಯಾಟ್ ಸ್ವಿಚ್, ಎಲ್ಲ ಬಟನ್, ಒಂದೂ ಬಿಡದೆ ಕಾಣುತ್ತವೆ.

ಮೂರು ವರ್ಷದ ಬಳಕೆ ಹೇಗಿತ್ತು? ವಾರಕ್ಕೆ ಒಂದೆರಡು ದಿನ ಫ್ಲೈಟ್‌ಗಿಯರ್ ಅನ್ನುವ ವಿಮಾನ ಹಾರಿಸುವ ಆಟ ಆಡುತ್ತೇನೆ. ನನ್ನ ಖಾಯಂ ಪರೀಕ್ಷೆ ಮಂಗಳೂರಿನ ಬಜ್ಪೆ. 2,450 ಮೀಟರ್ ರನ್‌ವೇ, ಗುಡ್ಡದ ನೆತ್ತಿಯ ಮೇಲೆ. ಅಡ್ಡಗಾಳಿ ಹಾಕಿಕೊಂಡು ಇಳಿಯುವಾಗ ಹಿಡಿಯ ತಿರುಚು ಬೇಕೇ ಬೇಕು. ಕೀಬೋರ್ಡ್‌ನಲ್ಲಿ ಅಲ್ಲಿ ಇಳಿಸಿದವರಿಗೆ ನನ್ನ ನಮಸ್ಕಾರ. ಸ್ಟಿಕ್‌ನ ಮುಖ್ಯ ಎರಡು ಅಕ್ಷಗಳನ್ನು ಓದುವುದು ಬೆಳಕಿನ ಸೆನ್ಸರ್. ಸವೆಯುವ ಪೊಟೆನ್ಶಿಯೋಮೀಟರ್ ಅಲ್ಲಿ ಇಲ್ಲ. ಹಾಗಾಗಿ ನಡುಬಿಂದು ಇವತ್ತಿಗೂ ಅಲುಗಾಡದೆ ನಿಲ್ಲುತ್ತದೆ. ಥ್ರಾಟಲ್ ಮಾತ್ರ ಮೊದಲ ತಿಂಗಳು ಕುಣಿಯುತ್ತಿತ್ತು. ಅದು ಸ್ಟಿಕ್‌ನ ತಪ್ಪಲ್ಲ, ನನ್ನ ಅಟ್ಟದ ಧೂಳಿನದು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಹೊಡೆದ ಮೇಲೆ ಸರಿಹೋಯಿತು.

ಕಿರಿಕಿರಿ ಇಲ್ಲವೇ ಇಲ್ಲ ಅಂತಲ್ಲ. ಕಂಪ್ಯೂಟರ್ ನಿದ್ದೆಯಿಂದ ಎದ್ದಾಗ ಬೋರ್ಡ್ ಕೆಲವೊಮ್ಮೆ ಸ್ಟಿಕ್ ಅನ್ನು ಗುರುತಿಸುವುದಿಲ್ಲ. ಕಿತ್ತು ಮತ್ತೆ ಚುಚ್ಚಬೇಕು. ಹೊಸ ಆಟಗಳಲ್ಲಿ ಇನ್ನೊಂದು ಗೋಳು. ಎಷ್ಟೋ ಆಟ ಎಕ್ಸ್‌ಇನ್‌ಪುಟ್ ಅನ್ನುವ ಪದ್ಧತಿಯನ್ನಷ್ಟೇ ಕೇಳುತ್ತವೆ. ಅದು ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಾಗಿ ಮಾಡಿದ್ದು. ಇಂಥ ಸ್ಟಿಕ್ ಇನ್ನೂ ಡೈರೆಕ್ಟ್‌ಇನ್‌ಪುಟ್ ಅನ್ನುವ ಹಿಂದಿನ ಪದ್ಧತಿಯ ಕಾಲದ್ದು. ವಿಮಾನದ ಆಟಗಳಿಗೆ ಚಿಂತೆಯಿಲ್ಲ. ಮಗಳ ಕಾರ್ ರೇಸ್‌ಗೆ ಇದು ಉಪಯೋಗಕ್ಕೆ ಬರಲಿಲ್ಲ. ಅವಳು ಅದಕ್ಕೆ ಸುಮ್ನೆ ಗೇಮ್‌ಪ್ಯಾಡ್ ಕೇಳಿದಳು, ಕೊಡಿಸಿದೆ.

ಲಿನಕ್ಸ್ ಬಳಸುವವರಿಗೆ: ಕರ್ನಲ್‌ನಲ್ಲಿ ಈ ಸ್ಟಿಕ್‌ಗೇ ಅಂತ ಸೈಡ್‌ವೈಂಡರ್ ಹೆಸರಿನ ಡ್ರೈವರ್ ಇದೆ. ಆದರೆ ಅದಕ್ಕೆ ಗೇಮ್‌ಪೋರ್ಟ್ ಇರುವ ಹಳೇ ಸೌಂಡ್ ಕಾರ್ಡೂ, ಅದನ್ನು ಕೂರಿಸುವ ಪಿಸಿಐ ಸ್ಲಾಟೂ ಬೇಕು. ನನ್ನ ಹತ್ತಿರ ಎರಡೂ ಇಲ್ಲ. ಬೋರ್ಡ್ ಮೂಲಕ ಚುಚ್ಚಿದರೆ ಉಬುಂಟುವಿನಲ್ಲೂ ತಕ್ಷಣ ಬಂತು. ಜೆಎಸ್‌ಟೆಸ್ಟ್-ಜಿಟಿಕೆ ಅನ್ನುವ ಜಾಯ್‌ಸ್ಟಿಕ್ ಪರೀಕ್ಷೆಯ ಪ್ರೋಗ್ರಾಂನಲ್ಲಿ ನೋಡಿಕೊಂಡೆ.

ಹತ್ತಕ್ಕೆ ಎಂಟು ಕೊಡುತ್ತೇನೆ, ಅದೂ ಬೆಸುಗೆ ಹಾಕುವ ಹುಚ್ಚು ಇರುವವರಿಗೆ. ಇಲ್ಲದವರು ಹೊಸ ಯುಎಸ್‌ಬಿ ಸ್ಟಿಕ್ ತಗೊಳ್ಳಿ, ಸಮಯ ಉಳಿಯುತ್ತದೆ. ನನ್ನದರಲ್ಲಿ ಈಗ ವೈರ್‌ನ ಬುಡದ ರಬ್ಬರ್ ಬಿರುಕು ಬಿಟ್ಟಿದೆ, ಸದ್ಯಕ್ಕೆ ಟೇಪ್ ಸುತ್ತಿದ್ದೇನೆ. ಎಸ್‌.ಪಿ. ರೋಡ್‌ನಿಂದ ತಂದ ಎರಡನೇ ಸಾಕೆಟ್ ಡ್ರಾಯರ್‌ನಲ್ಲಿ ಹಾಗೇ ಇದೆ.