58ಕ್ಕೆ ಮತ್ತೆ ಸೈಕಲ್: ಮೂರು ಓಡಿಸಿ ನೋಡಿದೆ, ಹೈಬ್ರಿಡ್ ಕೊಂಡೆ

ನಾನು ಕೊಂಡಿದ್ದು ಅಡ್ಡಕಂಬಿ ಇಲ್ಲದ, 7 ಗೇರಿನ ಹೈಬ್ರಿಡ್, ಅಂದರೆ ರಸ್ತೆ ಸೈಕಲ್ಲಿಗೂ ಗುಡ್ಡಗಾಡು ಸೈಕಲ್ಲಿಗೂ ನಡುವಿನದು. ಅದಕ್ಕೂ ಮೊದಲು ತಂಗಿ ಮನೆಯ ಬುಟ್ಟಿ ಇರುವ ಲೇಡೀಸ್ ಸೈಕಲ್ಲನ್ನೂ, ಅಣ್ಣನ ಮಗನ ಎಂಟಿಬಿಯನ್ನೂ (ಮೌಂಟನ್ ಬೈಕ್, ಗುಡ್ಡಗಾಡು ಸೈಕಲ್) ವಾರಗಟ್ಟಲೆ ಓಡಿಸಿದ್ದೆ. ಹೈಸ್ಕೂಲು ಮುಗಿದ ಮೇಲೆ ಸೈಕಲ್ ಮುಟ್ಟಿರಲಿಲ್ಲ. ಮೊಣಕಾಲು ಆಗಾಗ ನೋಯುತ್ತದೆ. ಓಡಾಟ ಎಲ್ಲ ಮೈಸೂರಿನೊಳಗೇ. ಹೋಲಿಕೆಯನ್ನು ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಲೇಡೀಸ್ ಸೈಕಲ್ ಹತ್ತಿಳಿಯೋದು ಸುಲಭ. ಚೈನಿಗೆ ಪೂರ್ತಿ ಕವರ್ ಇದೆ, ಚೂಡಿದಾರ್ ಸಿಕ್ಕಿಕೊಳ್ಳಲ್ಲ. ಸಮತಟ್ಟು ರಸ್ತೆಯಲ್ಲಿ ಬಹಳ ಹಿತ. ಆದರೆ ಮೈಸೂರಲ್ಲಿ ಸಮತಟ್ಟು ರಸ್ತೆ ಎಷ್ಟಿದೆ ಹೇಳಿ? ಮಾನಸಗಂಗೋತ್ರಿ ಕಡೆ ಏರು ಬಂದಾಗ ಗೇರ್ ಇಲ್ಲದೆ ನಿಂತು ತುಳಿಯಬೇಕು. ಮರುದಿನ ಮೊಣಕಾಲು ಅದನ್ನು ನೆನಪಿಸುತ್ತಿತ್ತು.

ಎಂಟಿಬಿ ನನಗೆ ಬೇಡ. ದಪ್ಪ ಗುಬುಟಿನ ಟೈರು ಡಾಂಬರಿನ ಮೇಲೆ ಎಳೆಯುತ್ತದೆ. ತುಳಿದ ಶಕ್ತಿಯಲ್ಲಿ ಒಂದು ಪಾಲು ಮುಂದಿನ ಶಾಕ್‌ಅಬ್ಸಾರ್ಬರ್ ಕುಣಿತಕ್ಕೇ ಹೋಗುತ್ತದೆ. ಕಾಡುದಾರಿಗೆ ಹೋಗುವವರಿಗೆ ಸರಿ.

ಹೈಬ್ರಿಡ್ಡಿನಲ್ಲಿ ಅದೇ ಏರನ್ನು ಕೂತೇ ಹತ್ತುತ್ತೇನೆ. ಚಿಕ್ಕ ಗೇರು ಹಾಕಿ, ಸಣ್ಣಗೆ ತುಳಿಯುತ್ತಾ ಹೋದರಾಯಿತು. ಇಳಿಜಾರಲ್ಲಿ ಮುಖಕ್ಕೆ ಗಾಳಿ ಬಡಿಯುವಾಗ ಆಗುವ ಖುಷಿಯನ್ನು ನಾನು ಇಷ್ಟು ವರ್ಷ ಮರೆತೇ ಹೋಗಿದ್ದೆ. ಸೀಟಿನ ಎತ್ತರ ಮಾತ್ರ ಸರಿ ಮಾಡಿಕೊಳ್ಳಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಭಯಕ್ಕೆ ಸೀಟು ತೀರಾ ಇಳಿಸಿದರೆ ಮೊಣಕಾಲಿಗೇ ಏಟು.

ಇನ್ನು ಹೈಬ್ರಿಡ್ಡಿನ ದೊಡ್ಡ ಕಿರಿಕಿರಿ, ಗಾಳಿ ತುಂಬುವ ಮೂತಿ. ಲೇಡೀಸ್ ಸೈಕಲ್ಲಿನದು ನಮಗೆಲ್ಲ ಗೊತ್ತಿರುವ, ವಾಲ್‌ಟ್ಯೂಬ್ ಹಾಕುವ ಹಳೇ ಮೂತಿ. ಎಂಟಿಬಿಯದ್ದು ಸ್ಕೂಟರಿನ ಥರದ್ದೇ, ಶ್ರೇಡರ್. ನನ್ನ ಹೈಬ್ರಿಡ್ಡಿಗೆ ಬಂದದ್ದು ಸಣ್ಣಗೆ ಉದ್ದಕ್ಕಿರುವ ಪ್ರೆಸ್ಟಾ. ಮಾರಿದವರು ಇದರ ಬಗ್ಗೆ ಒಂದು ಮಾತೂ ಹೇಳಲಿಲ್ಲ.

ಮೊದಲ ಸಲ ಗಾಳಿ ಇಳಿದಾಗ ಮನೆ ಹತ್ತಿರದ ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋದೆ. "ಇದಕ್ಕೆ ನಮ್ ಪಂಪ್ ಕೂರಲ್ಲಮ್ಮ" ಅಂದರು. ಪೆಟ್ರೋಲ್ ಬಂಕಿನಲ್ಲೂ ಅದೇ ಕಥೆ. ಟ್ಯೂಬನ್ನೇ ಬದಲಿಸೋಣ ಅಂದರೆ ಅದೂ ಸುಲಭವಿಲ್ಲ. ಶ್ರೇಡರ್ ಮೂತಿ ದಪ್ಪ, ರಿಮ್ಮಿನ ತೂತು ಚಿಕ್ಕದು. ತೂತು ಕೊರೆಸಿ ದೊಡ್ಡದು ಮಾಡಬೇಕು. ಹೊಸ ರಿಮ್ಮಿಗೆ ಡ್ರಿಲ್ ಹಾಕಿಸಲು ನನಗಂತೂ ಮನಸ್ಸು ಬರಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಬೆರಳತುದಿಯಷ್ಟು ಚಿಕ್ಕ ಹಿತ್ತಾಳೆ ಅಡಾಪ್ಟರ್. ಮೂತಿಯ ತುದಿಯ ಪುಟ್ಟ ನಟ್ಟು ಸಡಿಲಿಸಿ, ಅಡಾಪ್ಟರ್ ತಿರುಗಿಸಿ ಕೂರಿಸಿದರೆ ಸ್ಕೂಟರಿಗೆ ಹಾಕುವ ಪಂಪೇ ಸಾಕು. ತುಂಬಿದ ಮೇಲೆ ನಟ್ಟನ್ನು ಮತ್ತೆ ಬಿಗಿ ಮಾಡಲೇಬೇಕು. ನೂರು ರೂಪಾಯಿಯೂ ಆಗದ ಸಾಮಾನು. ಅಂಗಡಿಯವರೇ ಸೈಕಲ್ ಜೊತೆ ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಎರಡು ತಗೊಂಡು ಒಂದನ್ನು ಸೀಟಿನ ಕೆಳಗಿನ ಚೀಲದಲ್ಲೇ ಇಟ್ಟಿದ್ದೇನೆ. ಈಗ ಪಂಕ್ಚರ್ ಅಂಗಡಿಯವರೂ ಅದನ್ನೇ ಕೇಳಿ ಈಸಿಕೊಂಡು ಗಾಳಿ ಹಾಕುತ್ತಾರೆ.

ಚೈನ್ ಕವರ್ ಅರ್ಧ ಮಾತ್ರ. ಪ್ಯಾಂಟಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಂಡರಾಯಿತು. ಬುಟ್ಟಿ ಬೇರೆ ಹಾಕಿಸಿದೆ.

ಈ-ಸೈಕಲ್ ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಮನೆ ಮೊದಲ ಮಹಡಿಯಲ್ಲಿ, ಅದರ ಭಾರ ಹೊತ್ತು ಮೆಟ್ಟಿಲು ಹತ್ತೋದು ನನ್ನಿಂದಾಗಲ್ಲ. ಬೆಲೆಯೂ ಜಾಸ್ತಿ. ನಾನು ಇಟ್ಟುಕೊಂಡಿದ್ದ ಬಜೆಟ್ 18,000. ಬುಟ್ಟಿ, ಬೀಗ, ಅಡಾಪ್ಟರ್ ಎಲ್ಲ ಸೇರಿ ಅದರೊಳಗೇ ಮುಗಿಯಿತು. ನಿಮ್ಮ ಊರು ಸಮತಟ್ಟಾಗಿದ್ದು, ಸಂತೆ, ದೇವಸ್ಥಾನ ಅಂತ ಹತ್ತಿರದಲ್ಲೇ ಓಡಾಟ ಇದ್ದರೆ ಲೇಡೀಸ್ ಸೈಕಲ್ಲೇ ತಗೊಳ್ಳಿ, ದುಡ್ಡು ಉಳಿಯುತ್ತದೆ. ಏರಿದ್ದರೆ ಗೇರ್ ಬೇಕೇ ಬೇಕು. ಯಾವುದೇ ಕೊಂಡರೂ ಬಿಲ್ ಮಾಡಿಸುವ ಮುಂಚೆ ಟೈರಿನ ಮೂತಿ ನೋಡಿ.